ಬಿಜೈಗೆ ಹೋಗಬೇಕಿದ್ದ ಟ್ರಂಕು

ಕದ್ರಿ ಕಂಬಳ, ಮಂಗಳೂರು
೩ ಜೂನ್ ೨೦೨೪

ಶಂಕರಲಿಂಗಪ್ಪನವರಿಗೆ,

ದೊಡ್ಡೇರಿ ಬೋರಯ್ಯನ ನಮಸ್ಕಾರ. ಕವರಿನ ಮೇಲೆ ನನ್ನ ಹೆಸರು ನೋಡಿ ಇದನ್ನು ಒಡೆಯದೆಯೇ ಇಟ್ಟಿರುತ್ತೀರೋ ಏನೋ. ಒಡೆದಿದ್ದರೆ ದಯವಿಟ್ಟು ಕೊನೆಯವರೆಗೆ ಓದಿ. ನಿಮ್ಮ ಫೋನ್ ನಂಬರ್ ನನ್ನಲ್ಲಿದೆ. ಆದರೆ ಆ ಕಡೆ ನೀವು ಸುಮ್ಮನಿದ್ದುಬಿಟ್ಟರೆ ಅದನ್ನು ಕೇಳಿಸಿಕೊಂಡು ನಿಲ್ಲುವ ಧೈರ್ಯ ನನಗಿಲ್ಲ. ಕೊರಟಗೆರೆ ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆಯುತ್ತೀರಿ ಎಂದು ಕೇಳಿದ್ದೆ; ಅದೇ ವಿಳಾಸಕ್ಕೆ ಹಾಕುತ್ತಿದ್ದೇನೆ.

ನನ್ನ ಮಗಳು ಹರ್ಷಿತಾಳಿಗೆ ಇಲ್ಲಿನ ಬ್ಯಾಂಕಿಗೆ ವರ್ಗವಾಗಿದೆ. ಅವಳ ಕೂಸನ್ನು ನೋಡಿಕೊಳ್ಳಲು ನಮ್ಮ ಮನೆಯವಳು ಲಕ್ಷ್ಮೀದೇವಿ ಬಂದಳು, ಅವಳ ಹಿಂದೆ ನಾನೂ ಬಂದೆ. ಬಂದ ಮೂರನೇ ದಿನ ಬಸ್ ನಿಲ್ದಾಣದ ಕಡೆ ನಡೆದು ಹೋದೆ. ಹದಿನಾಲ್ಕು ವರ್ಷ ಪಾವಗಡದಿಂದ ಇದೇ ಊರಿಗೆ ನಾನು ಬಸ್ಸು ಓಡಿಸಿದೆ, ನೀವು ಟಿಕೆಟ್ ಹರಿದಿರಿ. ಬೆಳಗ್ಗೆ ಏಳಕ್ಕೆ ಬರುವುದು, ನಲ್ಲಿಯಲ್ಲಿ ಮುಖ ತೊಳೆಯುವುದು, ಸಂಜೆಯವರೆಗೆ ಸೀಟಿನ ಮೇಲೆ ಮಲಗುವುದು, ಮತ್ತೆ ಘಟ್ಟ ಹತ್ತುವುದು. ನಿಲ್ದಾಣದ ಗೇಟು ದಾಟಿ ಎಡಕ್ಕೆ ತಿರುಗಿದರೆ ಏನಿದೆ ಎಂಬುದೇ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮೊನ್ನೆ ತಿರುಗಿದೆ. ಇಳಿಜಾರು ರಸ್ತೆ, ಎರಡೂ ಕಡೆ ಕೆಂಪು ಕಲ್ಲಿನ ಕಾಂಪೌಂಡು, ಪ್ರತಿ ಗೋಡೆಯ ಮೇಲೂ ಹಸಿರು ಪಾಚಿ. ನಮ್ಮಲ್ಲಿ ಕೆರೆಯೊಳಗೂ ಅಷ್ಟು ಹಸಿರು ಕಾಣುವುದಿಲ್ಲ.

ಇಲ್ಲಿಯವರ ಕನ್ನಡ ಪುಸ್ತಕದ ಹಾಗಿದೆ. ಆಟೋದವನು ನನ್ನನ್ನು "ನೀವು ಘಟ್ಟದ ಮೇಲಿನವರಾ? ಎಲ್ಲಿಗೆ ಹೋಗುವುದು?" ಎಂದು ಕೇಳಿದ. "ಸುಮ್ಕೆ ಊರು ನೋಡಾನ ಅಂತ ಕಣಪ್ಪ" ಎಂದೆ. ಅವನಿಗೆ ನನ್ನ ಮಾತು ತಿಳಿಯಲು ಎರಡು ಸಲ ಹೇಳಬೇಕಾಯಿತು. ಅವನು ನನ್ನ ಜೊತೆ ಕನ್ನಡ, ಫೋನಿನಲ್ಲಿ ಹೆಂಡತಿಯ ಜೊತೆ ತುಳು, ಪೆಟ್ರೋಲ್ ಬಂಕಿನವನ ಜೊತೆ ಕೊಂಕಣಿ ಆಡಿದ. ನೀವಿದ್ದಿದ್ದರೆ ಅವನ ಪಕ್ಕ ಕೂತು ಪ್ರತಿ ಮಾತಿಗೂ ಅರ್ಥ ಕೇಳುತ್ತಿದ್ದಿರಿ. ಅದಕ್ಕೇ ಬರೆಯಬೇಕೆನ್ನಿಸಿತು.

ನಮ್ಮ ಬಸ್ಸಿಗೆ ಹಾಕಿದ್ದ ಹಿಲ್ಡಾ ಟೀಚರ ಟ್ರಂಕು ಕಾಣೆಯಾಗಿ, ಬಸ್ಸಿನ ಯಜಮಾನರು ನಿಮ್ಮನ್ನು ಕೆಲಸದಿಂದ ತೆಗೆದು ಒಂಬತ್ತು ವರ್ಷವಾಯಿತು. ಅಲ್ಲಿಂದ ಇವತ್ತಿನವರೆಗೆ ನಾವು ಮಾತಾಡಿಲ್ಲ. ಆ ವಿಷಯ ಈ ಕಾಗದದಲ್ಲಿ ಬರೆಯುವುದಿಲ್ಲ. ಊರಿನ ಸುದ್ದಿ ಮಾತ್ರ.

ಇಂತಿ,
ಬೋರಯ್ಯ

·

ಕೊರಟಗೆರೆ
೧೪ ಜೂನ್ ೨೦೨೪

ಇವರಿಗೆ,
ಶ್ರೀ ಬೋರಯ್ಯ, ನಿವೃತ್ತ ಚಾಲಕರು, ಮೊಕ್ಕಾಂ ಮಂಗಳೂರು

ವಿಷಯ: ತಮ್ಮ ಪತ್ರ ತಲುಪಿದ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ತಮ್ಮ ಪತ್ರ ಸೋಮವಾರ ತಲುಪಿತು. ಓದಿದ್ದೇನೆ. ನಾನು ಕ್ಷೇಮ. ನನ್ನ ಪತ್ನಿ ಬಸವಮ್ಮ ಕ್ಷೇಮ. ಮಗಳು ಲೋಹಿತಾಳಿಗೆ ಶಿರಾದಲ್ಲಿ ಮದುವೆಯಾಗಿ ಐದು ವರ್ಷವಾಯಿತು, ತಮ್ಮನ್ನು ಕರೆದಿರಲಿಲ್ಲ. ಇಲ್ಲಿ ಜಮೀನು ಪೋಡಿ, ಖಾತೆ ಬದಲಾವಣೆ, ವಿಧವಾ ವೇತನದ ಅರ್ಜಿಗಳು ಸಾಕಷ್ಟು ಬರುತ್ತವೆ.

ಹೆಚ್ಚಿಗೆ ಬರೆಯಲು ಏನೂ ಇಲ್ಲ.

ತಮ್ಮ ವಿಶ್ವಾಸಿ,
ಶಂಕರಲಿಂಗಪ್ಪ

ವಿ.ಸೂ.: ಒಂದೇ ಊರಿನಲ್ಲಿ ಅಷ್ಟು ಭಾಷೆ ಇದ್ದರೆ ಮಕ್ಕಳು ಮನೆಯಲ್ಲಿ ಯಾವುದರಲ್ಲಿ ಅಳುತ್ತವೆ? ಹಾಗೂ ಅಲ್ಲಿ ದಪ್ಪ ಕೆಂಪಕ್ಕಿ ಅನ್ನವಂತೆ, ಅದು ರಾಗಿಮುದ್ದೆ ಉಂಡವರಿಗೆ ಹೊಟ್ಟೆ ತುಂಬಿಸುತ್ತದೆಯೇ? ತಿಳಿಸುವುದು.

·

ಮಂಗಳೂರು
೩೦ ಜೂನ್ ೨೦೨೪

ಶಂಕರಲಿಂಗಪ್ಪನವರಿಗೆ,

ನಿಮ್ಮ ವಿಶೇಷ ಸೂಚನೆಯನ್ನು ಹರ್ಷಿತಾಳಿಗೂ ಓದಿ ಹೇಳಿದೆ. ಪಕ್ಕದ ಮನೆಯ ಮಗು ಬಿದ್ದಾಗ ತುಳುವಿನಲ್ಲಿ ಅಳುತ್ತದಂತೆ, ಚಾಕಲೇಟು ಬೇಕಾದಾಗ ಇಂಗ್ಲಿಷಿನಲ್ಲಿ. ಕುಚ್ಚಲಕ್ಕಿ ಅನ್ನ ಮುದ್ದೆಯಷ್ಟೇ ಗಟ್ಟಿ, ನಾಲ್ಕು ಗಂಟೆ ಹಸಿವಾಗುವುದಿಲ್ಲ. ಆದರೆ ಅದನ್ನು ಅಗಿಯಬೇಕು, ಶಂಕರಲಿಂಗಪ್ಪನವರೇ. ನುಂಗಿ ಅಭ್ಯಾಸವಾದ ನನಗೆ ಒಂದು ವಾರ ದವಡೆ ನೋವು.

ಈಗ ದಿನಾ ಬೆಳಗ್ಗೆ ಕೊಡೆ ಹಿಡಿದು ಹೊರಡುತ್ತೇನೆ. ಬಂದರು ಎಂಬ ಪೇಟೆಗೆ ಹೋಗಿದ್ದೆ. ಸಣ್ಣ ಸಣ್ಣ ಓಣಿ, ಎರಡೂ ಕಡೆ ಹಂಚಿನ ಗೋದಾಮು, ಒಣಮೀನು, ಬೆಲ್ಲ, ಮೆಣಸು ಎಲ್ಲದರ ವಾಸನೆ ಒಟ್ಟಿಗೆ. ಒಂದು ಗೋದಾಮಿನ ಮುಂದೆ ಕಡಲೆಕಾಯಿ ಮೂಟೆ ಇಳಿಸುತ್ತಿದ್ದರು. ಎಲ್ಲಿಯದು ಎಂದರೆ ಶಿರಾದ್ದು. ಮೂಟೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ, ನೆಂಟರು ಸಿಕ್ಕ ಹಾಗಾಯಿತು. ಅಲ್ಲೇ ಹತ್ತಿರ ಹಳೆಯ ಮಸೀದಿ ಇದೆ. ನಮ್ಮ ಶಿರಾದ ಮಸೀದಿ ಪೂರಾ ಕಲ್ಲು. ಇಲ್ಲಿ ಒಳಗೆಲ್ಲ ಮರ. ಕಂಬ, ತೊಲೆ, ಮೇಲಿನ ಹಲಗೆ ಎಲ್ಲದರಲ್ಲೂ ಹೂಬಳ್ಳಿ ಕೆತ್ತಿದ್ದಾರೆ. ಅಲ್ಲಿದ್ದ ಹಿರಿಯರು ಒಳಗೆ ಕರೆದು ತೋರಿಸಿದರು. ಅವರ ಮನೆಮಾತು ಉರ್ದು ಅಲ್ಲ, ಬ್ಯಾರಿ ಅಂತ ಬೇರೆಯೇ ಇದೆಯಂತೆ. ನಾನು ನನಗೆ ಬರುವ ನಾಲ್ಕು ಶಿರಾ ಉರ್ದು ಮಾತು ಆಡಿದೆ, ಅವರು ನಕ್ಕು ಕನ್ನಡದಲ್ಲಿ ಉತ್ತರ ಕೊಟ್ಟರು.

ಮೀನುಗಾರರ ದಕ್ಕೆಯಲ್ಲಿ ದೋಣಿಗಳೆಲ್ಲ ಸಾಲಾಗಿ ಕಟ್ಟಿ ನಿಂತಿವೆ. ಮಳೆಗಾಲದಲ್ಲಿ ಎರಡು ತಿಂಗಳು ಮೀನು ಹಿಡಿಯಬಾರದೆಂದು ನಿಯಮ. ಮೀನು ಮೊಟ್ಟೆಯಿಡುವ ಕಾಲವಂತೆ. ಗಂಡಸರು ಕೂತು ಬಲೆ ಹೆಣೆಯುತ್ತಿದ್ದರು. ಇನ್ನೊಂದು ದಿನ ಗುಡ್ಡದ ಮೇಲಿನ ಕಾಲೇಜಿನ ಚಾಪೆಲ್ ನೋಡಿದೆ. ಗೋಡೆ, ಸೂರು ಎಲ್ಲ ಚಿತ್ರ. ನೂರಿಪ್ಪತ್ತು ವರ್ಷದ ಹಿಂದೆ ಇಟಲಿಯಿಂದ ಬಂದ ಒಬ್ಬರು ಬರೆದದ್ದಂತೆ. ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ಹಿಡಿಯಿತು.

ಚಾಪೆಲ್ಲಿನ ಬೆಂಚಿನ ಮೇಲೆ ಕೂತಿದ್ದಾಗ ಹಿಲ್ಡಾ ಟೀಚರು ನೆನಪಾದರು. ಮಧುಗಿರಿಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದವರು, ಹರ್ಷಿತಾಳಿಗೂ ಅವರೇ ಕಲಿಸಿದ್ದು. ಈ ಊರಿನಲ್ಲೇ ಎಲ್ಲೋ ಇರಬೇಕು. ಬರೆಯುವುದಿಲ್ಲ ಎಂದಿದ್ದೆ, ಆದರೂ ಬರೆಯುತ್ತಿದ್ದೇನೆ. ಅವರನ್ನು ಹುಡುಕಬೇಕೆಂದಿದ್ದೇನೆ. ಆ ಟ್ರಂಕು ಏನಾಯಿತೆಂದು ಕೇಳಬೇಕು.

ಇಂತಿ,
ಬೋರಯ್ಯ

·

ಕೊರಟಗೆರೆ
೧೨ ಜುಲೈ ೨೦೨೪

ಬೋರಯ್ಯ,

ಹುಡುಕಬೇಡ.

ಆ ಟ್ರಂಕಿನ ದೆಸೆಯಿಂದ ನನಗೆ ಈ ಊರಲ್ಲಿ ಬಂದಿರುವ ಹೆಸರು ನಿನಗೆ ಗೊತ್ತಿದೆಯೋ ಇಲ್ಲವೋ. 'ಟ್ರಂಕು ಶಂಕ್ರಪ್ಪ'. ಎದುರಿಗೆ ಯಾರೂ ಅನ್ನುವುದಿಲ್ಲ. ಹಳ್ಳಿಯಿಂದ ಅರ್ಜಿಗೆ ಬಂದವರು ಗೊತ್ತಿಲ್ಲದೆ ಅಂದುಬಿಡುತ್ತಾರೆ: "ಟ್ರಂಕು ಶಂಕ್ರಪ್ಪನ್ ತಾವ ಬರುಸ್ಕಂಡ್ ಬಾ ಅಂದ್ರು, ನೀವೇನಾ ಸಾಮಿ?" ನಾನೇ ಎಂದು ಹೇಳಿ ಬರೆದುಕೊಡುತ್ತೇನೆ. ಲೋಹಿತಾಳ ಮೊದಲ ಸಂಬಂಧ ಇದೇ ಹೆಸರಿಗೆ ಮುರಿಯಿತು.

ಇದನ್ನೆಲ್ಲ ನಾನು ತಳಕ್ಕೆ ತುಳಿದು ಇಟ್ಟಿದ್ದೇನೆ. ನೀನು ಅಲ್ಲಿ ಹೋಗಿ ಕೆದಕಿ, ಆ ಹೆಂಗಸು ಇನ್ನೂ ನನ್ನನ್ನು ಬೈಯುವುದನ್ನು ಕೇಳಿಸಿಕೊಂಡು ನನಗೆ ಬರೆಯುವುದು ಬೇಡ. ಮಸೀದಿಯ ವಿಷಯ ಬರೆ. ಬಲೆ ಹೆಣೆಯುವುದು ಎರಡು ಎಳೆಯಲ್ಲೋ ಒಂದೇ ಎಳೆಯಲ್ಲೋ, ಅದನ್ನು ಬರೆ.

ಶಂಕರಲಿಂಗಪ್ಪ

·

ಮಂಗಳೂರು
೫ ಆಗಸ್ಟ್ ೨೦೨೪

ಶಂಕ್ರಣ್ಣ,

ನೀನು ಬೇಡವೆಂದರೂ ಹುಡುಕಿದೆ. ಕೂತು ಓದು.

ನನಗೆ ನೆನಪಿದ್ದದ್ದು ಎರಡೇ: ಹಿಲ್ಡಾ ಡಿಸೋಜ, ಚರ್ಚ್ ಹತ್ತಿರ. ಕೇಳಿದವರೆಲ್ಲ "ಯಾವ ಚರ್ಚ್, ಯಾವ ಹಿಲ್ಡಾ?" ಎಂದರು. ಚರ್ಚಿಗೊಂದು ಡಿಸೋಜರ ಕೇರಿ ಇದೆ ಇಲ್ಲಿ. ನಮ್ಮಲ್ಲಿ ಊರಿಗೆ ಹತ್ತು ಬೋರಯ್ಯ ಇದ್ದು, ಬಾವಿಮನೆ ಬೋರಯ್ಯ, ಕುಂಟ ಬೋರಯ್ಯ ಎಂದು ಕರೆಯುವಂತೆ ಇವರೂ ಮನೆತನದ ಹೆಸರು, ಗುಡ್ಡದ ಹೆಸರು ಸೇರಿಸಿ ಕರೆಯುತ್ತಾರೆ. ನಾಲ್ಕು ಕಡೆ ತಿರುಗಿದೆ. ಐದನೆಯದು ಜೆಪ್ಪು. ಚರ್ಚಿನ ಹಿಂದಿನ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಬಾಗಿಲು ತೆಗೆದರು. ಹೆಸರು ಹಿಲ್ಡಾ ಡಿಸೋಜವೇ, ಆದರೆ ನಮ್ಮ ಟೀಚರಲ್ಲ. ಮಧುಗಿರಿಯಿಂದ ಬಂದೆ ಎಂದು ಬಾಯಿ ಬಿಡುವಷ್ಟರಲ್ಲಿ ಅವರೇ ಕೇಳಿದರು.

"ನೀವು ಆ ಟ್ರಂಕಿನವರಾ? ಅದು ಆಗಲೇ ಬಿಜೈಯ ಹಿಲ್ಡಾಗೆ ಮುಟ್ಟಿಯಾಯ್ತಲ್ಲ ಮಾರಾಯ್ರೆ."

ಅವರೇ ಕೂರಿಸಿ ನೀರು ಕೊಟ್ಟರು. ಆಗಿದ್ದು ಇಷ್ಟು. ಟೀಚರ ಅಣ್ಣನ ಮಗ ನಿಲ್ದಾಣಕ್ಕೆ ಬರಲಿಲ್ಲವೆಂದು ನೀನು ಟ್ರಂಕನ್ನು ಆಟೋಗೆ ಹಾಕಿ ಚೀಟಿ ಕೊಟ್ಟೆಯಲ್ಲ, ಆ ಚೀಟಿ ಮಳೆಗೆ ತೊಯ್ದು 'ಬಿಜೈ' ಅಳಿಸಿಹೋಗಿತ್ತು. ಆಟೋದವನು ಯಾರನ್ನೋ ಕೇಳಿ ಜೆಪ್ಪುವಿನ ಹಿಲ್ಡಾ ಮನೆಗೆ ಹಾಕಿದ. ಆ ಅಜ್ಜಿ ಆಗ ಮಗನ ಜೊತೆ ಗಲ್ಫಿನಲ್ಲಿದ್ದರು. ಪಕ್ಕದವರು ಇಳಿಸಿಕೊಂಡು ಒಳಗಿಟ್ಟರು. ಎರಡು ತಿಂಗಳ ಮೇಲೆ ಬಂದು ಬೀಗ ಒಡೆದು ನೋಡಿದರೆ ಶಾಲೆಯ ಫೋಟೋಗಳು, ಲೆಕ್ಕದ ಪುಸ್ತಕ, ಸೀರೆ. ಭಾನುವಾರ ಚರ್ಚಿನಲ್ಲಿ ವಿಚಾರಿಸಿ ಬಿಜೈಗೆ ಕಳಿಸಿದರು.

ಅಲ್ಲಿಂದ ನೇರವಾಗಿ ಬಿಜೈಗೆ ಹೋದೆ. ಟೀಚರು ಹಾಗೇ ಇದ್ದಾರೆ, ಕೂದಲು ಮಾತ್ರ ಬೆಳ್ಳಗಾಗಿದೆ. ನಿನ್ನನ್ನು ಕೆಲಸದಿಂದ ತೆಗೆದದ್ದು ಅವರಿಗೆ ಗೊತ್ತೇ ಇರಲಿಲ್ಲ. ಹೇಳಿದಾಗ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು.

"ನಾನು ನಿಮ್ಮ ಯಜಮಾನರಿಗೆ ಕಾಗದ ಬರೆದಿದ್ದೆನಲ್ಲ ಬೋರಯ್ಯ. ಟ್ರಂಕ್ ಸಿಕ್ಕಿತು, ಕಂಡಕ್ಟರದ್ದು ಎಂತ ತಪ್ಪೂ ಇಲ್ಲ ಅಂತ."

ಯಜಮಾನರಿಗೆ ಗೊತ್ತಿತ್ತು, ಶಂಕ್ರಣ್ಣ. ಅಷ್ಟರಲ್ಲಿ ಅವರ ಬಾಮೈದ ನಿನ್ನ ಜಾಗದಲ್ಲಿ ಟಿಕೆಟ್ ಹರಿಯುತ್ತಿದ್ದ. ಅವರು ಯಾರಿಗೂ ಹೇಳಲಿಲ್ಲ. ಅವರು ಹೋಗಿ ಮೂರು ವರ್ಷವಾಯಿತು, ಇನ್ನು ಯಾರನ್ನು ಕೇಳುವುದು?

ಕೇಳಬೇಕಾದವನು ಇನ್ನೊಬ್ಬನಿದ್ದಾನೆ. ಅವತ್ತು ಬೆಳಗ್ಗೆ ನೀನು ಟ್ರಂಕನ್ನು ಆಟೋಗೆ ಹಾಕಿದ್ದನ್ನು ನಾನು ನೋಡಿದೆ. ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ ನಿಂತಿದ್ದೆ. ಲಗೇಜು ಪೂರ್ತಿ ಇಳಿಯುವ ತನಕ ಡ್ರೈವರು ಬಸ್ಸು ಬಿಟ್ಟು ಹೋಗಕೂಡದೆಂದು ಯಜಮಾನರ ಕಟ್ಟಪ್ಪಣೆ ಇತ್ತಲ್ಲ. ನೋಡಿದೆ ಎಂದರೆ ಎಲ್ಲಿಂದ ನೋಡಿದೆ ಎಂದು ಕೇಳುತ್ತಾರೆ. ಅದಕ್ಕೆ ಯಜಮಾನರು ವಿಚಾರಿಸಿದಾಗ "ನಾನು ನೋಡಿಲ್ಲ" ಎಂದೆ. ನೀನು ಆಗ ನನ್ನ ಮುಖ ನೋಡಿದೆ. ಟ್ರಂಕು ಸಿಗದೇ ಹೋದಾಗ, ಆಟೋದವನೂ ನಿನ್ನ ಕಡೆಯವನೇ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡರೆ ನಿದ್ದೆ ಬರುತ್ತಿತ್ತು.

ಇಷ್ಟು ಬರೆಯಲು ನಾಲ್ಕು ದಿನ ಹಿಡಿಯಿತು.

ಬೋರಯ್ಯ

ಬಲೆ ಒಂದೇ ಎಳೆ. ಕೇಳಿ ಬಂದೆ.

·

ಬಿಜೈ, ಮಂಗಳೂರು
೧೦ ಆಗಸ್ಟ್ ೨೦೨೪

ಶ್ರೀ ಶಂಕರಲಿಂಗಪ್ಪನವರಿಗೆ,

ನಮಸ್ಕಾರ. ಬೋರಯ್ಯನವರಿಂದ ವಿಳಾಸ ತೆಗೆದುಕೊಂಡು ಬರೆಯುತ್ತಿದ್ದೇನೆ. ನನ್ನ ಟ್ರಂಕಿನಿಂದ ನಿಮಗೆ ಇಷ್ಟು ಕಷ್ಟ ಬಂದದ್ದು ನನಗೆ ತಿಳಿದಿರಲಿಲ್ಲ. ಯಜಮಾನರಿಗೆ ಬರೆದ ಮೇಲೆ ನನ್ನ ಕೆಲಸ ಮುಗಿಯಿತು ಅಂತ ತಿಳಿದುಕೊಂಡೆ. ನಿಮಗೇ ಒಂದು ಕಾರ್ಡ್ ಹಾಕಬೇಕಿತ್ತು. ಮಕ್ಕಳಿಗೆ ಮೂವತ್ತು ವರ್ಷ "ಲೆಕ್ಕ ಮಾಡಿದ ಮೇಲೆ ತಾಳೆ ನೋಡಿ" ಅಂತ ಹೇಳಿದವಳು ನಾನು, ನಾನೇ ತಾಳೆ ನೋಡಲಿಲ್ಲ.

ಈ ಕಾಗದದ ಜೊತೆ ಇನ್ನೊಂದು ಹಾಳೆ ಉಂಟು. ಟ್ರಂಕ್ ನನಗೆ ೨೦೧೫ರ ಜುಲೈಯಲ್ಲಿ ಪೂರ್ತಿಯಾಗಿ ಮುಟ್ಟಿತು, ನಿಮ್ಮದು ಯಾವ ತಪ್ಪೂ ಇಲ್ಲ ಅಂತ ಬರೆದು ಸಹಿ ಹಾಕಿದ್ದೇನೆ. ಜೆಪ್ಪುವಿನ ಹಿಲ್ಡಾ ಬಾಯಿಯವರು ಸಹ ಸಾಕ್ಷಿ ಸಹಿ ಹಾಕಿದ್ದಾರೆ. ಯಾರಿಗೆ ಬೇಕಾದರೂ ತೋರಿಸಿ.

ಸೆಪ್ಟೆಂಬರ್ ಎಂಟಕ್ಕೆ ನಮ್ಮ ತೆನೆಹಬ್ಬ, ಮೊಂತಿ ಫೆಸ್ತ್ ಹೇಳುವುದು ನಾವು. ಮಾತೆ ಮರಿಯಮ್ಮನವರ ಹುಟ್ಟಿದ ದಿನ. ಆ ದಿವಸ ಮನೆಯಲ್ಲಿ ಮೀನು, ಮಾಂಸ ಎಂತದ್ದೂ ಇಲ್ಲ. ತರಕಾರಿ ಊಟ ಮಾತ್ರ. ನೀವು ಸಂಕೋಚವಿಲ್ಲದೆ ಉಣ್ಣಬಹುದು. ನಿಮ್ಮ ಹೆಂಡತಿಯನ್ನು ಕರೆದುಕೊಂಡು ಬನ್ನಿ. ನಾನು ಮದುವೆಯಾದವಳಲ್ಲ, ಮನೆಯಲ್ಲಿ ಜಾಗ ಬೇಕಾದಷ್ಟು ಉಂಟು.

ಇತಿ,
ಹಿಲ್ಡಾ ಡಿಸೋಜ

·

ಕೊರಟಗೆರೆ
೨೨ ಆಗಸ್ಟ್ ೨೦೨೪

ಬೋರಯ್ಯ,

ಟೀಚರ ಹಾಳೆಯನ್ನು ಮನೆಯಲ್ಲಿ ಬಸವಮ್ಮನಿಗೆ ಓದಿ ಹೇಳಿದೆ. ಅವಳು ಹುರುಳಿ ಆರಿಸುತ್ತಿದ್ದಳು. ಇನ್ನೊಂದು ಸಲ ಓದಿ ಎಂದಳು. ಓದಿದೆ. ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿ, ಬಂದು ಮತ್ತೆ ಹುರುಳಿ ಆರಿಸಿದಳು. ನಾನು ಆ ಹಾಳೆಯನ್ನು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹತ್ತು ಪ್ರತಿ ಮಾಡಿಸಿ, ಹಂಚಲು ಹೊರಟು, ಅರ್ಧ ದಾರಿಯಲ್ಲಿ ನಾಚಿಕೆಯಾಗಿ ವಾಪಸು ಬಂದೆ. ಒಂದನ್ನು ಮಾತ್ರ ಲೋಹಿತಾಳಿಗೆ ಕಳಿಸಿದೆ.

ಯಜಮಾನರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಯಜಮಾನರು, ಅವರಿಗೆ ನಾನು ಒಬ್ಬ ಕಂಡಕ್ಟರು. ನಿನ್ನ ಮೇಲೆ ಬಂತು. ಹದಿನಾಲ್ಕು ವರ್ಷ ಶಿರಾಡಿ ಘಾಟಿಯಲ್ಲಿ ಮಂಜು ಕವಿದಾಗ ನಾನು ಇಳಿದು ಬಸ್ಸಿನ ಮುಂದೆ ಟಾರ್ಚು ಹಿಡಿದು ನಡೆದಿದ್ದೇನೆ, ನೀನು ಆ ಬೆಳಕು ನಂಬಿ ಹಿಂದೆ ಬಂದಿದ್ದೀಯ. ನೀನು ನೋಡಿಲ್ಲ ಅಂದಾಗ, ನಿಜವಾಗಿಯೂ ನೋಡಿರಲಿಕ್ಕಿಲ್ಲ ಎಂದೇ ಇಷ್ಟು ವರ್ಷ ನಂಬಿದ್ದೆ. ಮಾತು ಬಿಟ್ಟದ್ದು ನೀನು ನನ್ನ ಪರ ನಿಲ್ಲಲಿಲ್ಲ ಎಂದು. ಈಗ ಗೊತ್ತಾಯಿತು.

ತೆನೆಹಬ್ಬಕ್ಕೆ ನಾವು ಹೋಗುತ್ತೇವೆ. ಬಸವಮ್ಮ ಇದುವರೆಗೆ ಸಿದ್ಧಗಂಗೆಯಿಂದ ಆಚೆಗೆ ಹೋದವಳಲ್ಲ, ಅವಳೇ ಹೊರಡೋಣ ಅಂದಳು. ಆದರೆ ಆ ದಿನ ನೀನು ಆ ಊರಲ್ಲಿ ಇರಬೇಡ. ನಿನ್ನನ್ನು ನೋಡಿದರೆ ನನಗೆ ಅನ್ನ ಇಳಿಯುವುದಿಲ್ಲ.

ಶಂಕರಲಿಂಗಪ್ಪ

·

ಮಂಗಳೂರು
೨೯ ಆಗಸ್ಟ್ ೨೦೨೪

ಶಂಕ್ರಣ್ಣ,

ನೀನು ಹೇಳಿದ್ದು ಸರಿ. ಕಡಲೆಕಾಯಿ ಕೀಳುವ ಕಾಲ ಬಂತೆಂದು ಹೇಳಿ ನಾನು ಐದನೇ ತಾರೀಖು ದೊಡ್ಡೇರಿಗೆ ಹೊರಡುತ್ತೇನೆ, ಲಕ್ಷ್ಮೀದೇವಿ ಕೂಸಿನ ಜೊತೆ ಇಲ್ಲೇ ಇರುತ್ತಾಳೆ.

ಒಂದೇ ವಿನಂತಿ. ಸುಲ್ತಾನ್ ಬತ್ತೇರಿ ಅಂತ ಒಂದು ಕಲ್ಲಿನ ಬುರುಜಿದೆ. ಅದರ ಕೆಳಗಿಂದ ದೋಣಿ ಹತ್ತಿ ಹೊಳೆ ದಾಟಿದರೆ ಆ ಕಡೆ ಕಡಲು. ಬಸವಮ್ಮನವರನ್ನು ಅಲ್ಲಿಗೆ ಕರೆದುಕೊಂಡು ಹೋಗು. ದೋಣಿಯಲ್ಲಿ ಮುಂದೆ ಕೂತರೆ ಚೆನ್ನಾಗಿ ಕಾಣುತ್ತದೆ.

ಬೋರಯ್ಯ

·

ಕೊರಟಗೆರೆ
೨೭ ಸೆಪ್ಟೆಂಬರ್ ೨೦೨೪

ಬೋರಣ್ಣ,

ಹಬ್ಬ ಮುಗಿಸಿ ಬಂದು ಎರಡು ವಾರದ ಮೇಲಾಯಿತು. ನಿನಗೆ ಬರೆಯಬಾರದು ಎಂದೇ ಇದ್ದೆ. ಆದರೆ ಆ ಊರನ್ನು ನೋಡಿ ಬಂದ ಮೇಲೆ ಇಲ್ಲಿ ಯಾರ ಹತ್ತಿರ ಹೇಳಲಿ? ಗೇಟು ದಾಟಿ ಎಡಕ್ಕೆ ತಿರುಗಿದರೆ ಏನಿದೆ ಎಂದು ಕೇಳುವವರು ಕೊರಟಗೆರೆಯಲ್ಲಿ ಯಾರೂ ಇಲ್ಲ.

ಹಬ್ಬದ ಬೆಳಗ್ಗೆ ಟೀಚರು ನಮ್ಮನ್ನು ಚರ್ಚಿಗೆ ಕರೆದೊಯ್ದರು. ಮಕ್ಕಳೆಲ್ಲ ಬುಟ್ಟಿಯಲ್ಲಿ ಹೂವು ತಂದು ಮರಿಯಮ್ಮನ ಮುಂದೆ ಎರಚಿದರು. ಒಂಬತ್ತು ದಿನದಿಂದ ಹೀಗೇ ನಡೆದಿದೆಯಂತೆ. ಗೊರಟೆ, ದಾಸವಾಳ, ಚೆಂಡು ಹೂವು, ಏನು ಸಿಕ್ಕಿದರೆ ಅದು. ಆಮೇಲೆ ಪಾದ್ರಿಗಳು ಹೊಸ ಭತ್ತದ ತೆನೆಗೆ ಮಂತ್ರಿಸಿ ಮನೆಗಿಷ್ಟು ಎಂದು ಹಂಚಿದರು, ಮಕ್ಕಳಿಗೆ ಕಬ್ಬು ಕೊಟ್ಟರು. ಬಸವಮ್ಮ ತೆನೆಯನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು, ಯಾರೂ ಹೇಳಿಕೊಡಬೇಕಾಗಲಿಲ್ಲ. ಮನೆಯಲ್ಲಿ ಟೀಚರು ಆ ಭತ್ತ ಸುಲಿದು, ಕುಟ್ಟಿ, ತೆಂಗಿನ ಹಾಲು ಬೆಲ್ಲದಲ್ಲಿ ಕಲಸಿ, ಪ್ರಾರ್ಥನೆ ಮಾಡಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟರು. ಬಾಳೆಲೆಯ ಮೇಲೆ ಏಳು ಬಗೆ ಪಲ್ಯ. ಏಳು ಯಾಕೆ ಎಂದೆ. ಬೆಸವೇ ಇರಬೇಕಂತೆ, ಯಾಕೆಂಬುದು ಲೆಕ್ಕದ ಟೀಚರಿಗೂ ಗೊತ್ತಿಲ್ಲ.

ದೋಣಿಯಲ್ಲಿ ನೀನು ಹೇಳಿದಂತೆ ಮುಂದೆ ಕೂತೆವು. ಕಡಲು ಕಂಡಾಗ ಬಸವಮ್ಮ ಬಹಳ ಹೊತ್ತು ಎಡಕ್ಕೂ ಬಲಕ್ಕೂ ನೋಡಿ, "ಇಷ್ಟ್ ನೀರ್ಗೆ ಏರಿ ಎಲ್ಲೈತೆ?" ಎಂದು ಕೇಳಿದಳು. ಕೆರೆ ಏರಿಯ ಮೇಲೆ ಹುಟ್ಟಿ ಬೆಳೆದವಳು.

ಹೊರಡುವಾಗ ಟೀಚರು ನನ್ನ ಕೈಗೆ ಒಂದು ಸಣ್ಣ ಪೊಟ್ಟಣ ಕೊಟ್ಟರು. ಹೊಸ ಭತ್ತದ ಹತ್ತು ಹನ್ನೆರಡು ಕಾಳು. ಹಬ್ಬಕ್ಕೆ ಬರಲಾಗದ ಮನೆಯವರಿಗೆ ಅವರು ಹೀಗೆ ಅಂಚೆಯಲ್ಲಿ ಕಳಿಸುತ್ತಾರಂತೆ, ದುಬೈಗೂ ಹೋಗುತ್ತದಂತೆ. "ಇದು ಬೋರಯ್ಯನವರ ಪಾಲು" ಎಂದರು. ನಾನು ಅಂಗಿ ಜೇಬಿಗೆ ಹಾಕಿಕೊಂಡೆ. ಕಳಿಸಲು ಮನಸ್ಸು ಬರಲಿಲ್ಲ, ಎಸೆಯಲೂ ಆಗಲಿಲ್ಲ. ದಿನಾ ಅಂಗಿ ಬದಲಿಸುವಾಗ ಈ ಜೇಬಿಂದ ಆ ಜೇಬಿಗೆ.

ನಿನ್ನೆ ಬಸವಮ್ಮ ಅಂಗಿ ಒಗೆಯಲು ತೆಗೆದುಕೊಂಡು ಪೊಟ್ಟಣ ನೋಡಿ, ಇನ್ನೂ ಕಳಿಸಿಲ್ಲವಾ ಎಂದಳು. ನಾನು ರೇಗಿದೆ. ಲೋಕವೆಲ್ಲ ನನ್ನನ್ನು ಕಳ್ಳ ಅಂದಾಗ ನೀನೊಬ್ಬಳೇ ಒಂದು ಮಾತೂ ಕೇಳದೆ ನಂಬಿದೆ, ಜೊತೆಗೆ ಹದಿನಾಲ್ಕು ವರ್ಷ ದುಡಿದವನು ಕಣ್ಣಾರೆ ಕಂಡೂ ಇಲ್ಲ ಅಂದ, ಅವನಿಗೆ ಪಾಲು ಬೇರೆ ಕೇಡು ಎಂದೆ. ಅವಳು ಅಂಗಿಯನ್ನು ಬಕೆಟ್ಟಿಗೆ ಹಾಕಿ ಅಲ್ಲೇ ಕೂತಳು.

"ನಾನ್ ಕೇಳ್ಲಿಲ್ಲ ನಿಜ. ಕೇಳಿದ್ರೆ ಇಲ್ಲ ಅಂತಿದ್ರಿ. ಅದ್ನ ನಂಬಕಾಗ್ದಿದ್ರೆ ಏನ್ ಮಾಡ್ಲಿ ಅಂತ ಕೇಳ್ಲಿಲ್ಲ. ನೀವು ತುಮಕೂರ್ಗೆ ಹೋಗಿದ್ ದಿನ ಏಣಿ ಇಕ್ಕಂಡು ಅಟ್ಟ ಎಲ್ಲಾ ಹುಡುಕ್ಬುಟ್ಟೆ. ಕಣಜದೊಳ್ಗೂ ಕೈ ಹಾಕಿ ನೋಡ್ದೆ."

ಒಂಬತ್ತು ವರ್ಷ ಅವಳು ಇದನ್ನು ಇಟ್ಟುಕೊಂಡಿದ್ದಳು. ಟೀಚರ ಹಾಳೆ ಓದಿದ ದಿನ ದೀಪ ಹಚ್ಚಿದ್ದು ಯಾಕೆಂದು ನನಗೆ ಆಗ ತಿಳಿಯಿತು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಒಬ್ಬಳೇ ಅಟ್ಟದ ಕತ್ತಲಲ್ಲಿ ತಡಕಾಡಿ, ಏನೂ ಸಿಗದೆ ಇಳಿದು ಬಂದು, ಕೈ ತೊಳೆದು ನನಗೆ ಮುದ್ದೆ ತಿರುವಿ ಹಾಕಿದ್ದಾಳೆ. ಅದನ್ನು ನಾನು ಉಂಡಿದ್ದೇನೆ. ಬಕೆಟ್ಟಿನ ಪಕ್ಕ ನಾನೂ ಕೂತೆ. ಅವಳು ಅತ್ತಳು, ಆಮೇಲೆ ನೀರು ಹೊರಲು ಎದ್ದಳು.

ನಿನ್ನನ್ನು ಕ್ಷಮಿಸಿದೆ ಎಂದು ಬರೆಯಲು ಕೈ ಬರುತ್ತಿಲ್ಲ, ಬೋರಣ್ಣ. ಬಂದಾಗ ಬರೆಯುತ್ತೇನೆ. ಪೊಟ್ಟಣ ಈ ಕವರಿನಲ್ಲಿದೆ. ಕಾಳು ಒಣಗಿದೆ, ಚೆನ್ನಾಗಿ ಕುಟ್ಟಬೇಕಾಗುತ್ತದೆ. ತೆಂಗಿನ ಹಾಲು ಇಲ್ಲದಿದ್ದರೆ ಹಸುವಿನ ಹಾಲಾದರೂ ಆದೀತು ಎಂದರು ಟೀಚರು. ಲಕ್ಷ್ಮೀದೇವಮ್ಮನವರು ಊರಿಗೆ ಬಂದ ಮೇಲೆ ಇಬ್ಬರೂ ತೆಗೆದುಕೊಳ್ಳಿ. ಒಬ್ಬನೇ ತಿನ್ನಬಾರದಂತೆ.

ಶಂಕರಲಿಂಗಪ್ಪ